ಸಿಗರೇಟು, ಸಾಂಕ್ರಾಮಿಕ, ಕಾಯಿಲೆಯ ಭಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಂಕ್ರಾಮಿಕ ಹಬ್ಬಿದಾಗ ಸಿಗರೇಟು ಸೇದುವವರನ್ನು ಎರಡು ಭಯ ಒಟ್ಟಿಗೆ ಕಾಡುತ್ತವೆ. ರೋಗ ತಗಲಿದರೆ ನನ್ನ ಶ್ವಾಸಕೋಶ ತಡೆದುಕೊಂಡೀತೇ ಎಂಬುದು ಒಂದು. ಇಂಥ ಹೊತ್ತಿನಲ್ಲಿ ಸಿಗರೇಟೂ ಇಲ್ಲದಿದ್ದರೆ ಹೇಗಿರುವುದು ಎಂಬುದು ಇನ್ನೊಂದು. ಇಲ್ಲಿನ ಉತ್ತರಗಳು ಹೆಚ್ಚಾಗಿ ಕೋವಿಡ್ ಕಾಲದಲ್ಲಿ ತಿಳಿದುಬಂದ ಸಂಗತಿಗಳ ಮೇಲೆ ನಿಂತಿವೆ. ಉಸಿರಿನ ಮೂಲಕ ಹರಡುವ ಬೇರೆ ಸೋಂಕುಗಳಿಗೂ ಇವುಗಳಲ್ಲಿ ಬಹುಪಾಲು ಹೊಂದುತ್ತವೆ. ಸಿಗರೇಟು ಎಂದಲ್ಲೆಲ್ಲ ಬೀಡಿ, ಚುಟ್ಟ, ಹುಕ್ಕಾಗಳನ್ನೂ ಸೇರಿಸಿ ಓದಿಕೊಳ್ಳಿ.

ಸೇದುವವರಿಗೆ ರೋಗ ನಿಜವಾಗಿಯೂ ಜೋರಾಗುತ್ತದೆಯೇ, ಇಲ್ಲ ಹೆದರಿಸಲು ಹಾಗೆ ಹೇಳುತ್ತಾರೆಯೇ?

ನಿಜವಾಗಿಯೂ ಜೋರಾಗುತ್ತದೆ. ಸೇದುವವರಲ್ಲಿ ಕೋವಿಡ್ ತೀವ್ರವಾಗುವ ಸಂಭವ ಸೇದದವರಿಗಿಂತ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತು. ಕಾರಣ ಶ್ವಾಸನಾಳದ ಒಳಗೋಡೆಯಲ್ಲಿದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿದ್ದು, ಧೂಳು, ರೋಗಾಣು, ಕಫವನ್ನು ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ಹೊಗೆ ಈ ರೋಮಗಳನ್ನು ಕುಗ್ಗಿಸುತ್ತದೆ, ಕೊಲ್ಲುತ್ತದೆ, ಜೊತೆಗೆ ಕಫದ ಉತ್ಪತ್ತಿಯನ್ನೂ ಹೆಚ್ಚಿಸುತ್ತದೆ. ತಳ್ಳುವ ಶಕ್ತಿ ಕಡಿಮೆಯಾಗಿ ತಳ್ಳಬೇಕಾದ ಸರಕು ಹೆಚ್ಚಾದರೆ ಸೋಂಕು ಕೆಳಗಿಳಿಯುವುದು ಸುಲಭ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುವುದರಿಂದ, ರೋಗ ಬರುವ ಮೊದಲೇ ದೇಹದ ಮೀಸಲು ಕಡಿಮೆಯಾಗಿರುತ್ತದೆ. ವರ್ಷಗಟ್ಟಲೆ ಸೇದಿದವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಹೆಚ್ಚು. ಸೋಂಕನ್ನು ಉಲ್ಬಣಗೊಳಿಸುವ ಕಾಯಿಲೆಗಳೂ ಇವೇ.

ಆದರೆ ಭಯಪಡುವವರಿಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅಪಾಯ ಹೆಚ್ಚು ಎಂದರೆ ಸಾವು ಖಚಿತ ಎಂದಲ್ಲ. ಕೋವಿಡ್ ಬಂದ ಸೇದುವವರಲ್ಲಿ ಬಹುಪಾಲು ಜನ ಗುಣವಾದರು.

ನಿಕೋಟಿನ್ ಕೋವಿಡ್ ತಡೆಯುತ್ತದೆ ಎಂದು ಸುದ್ದಿಯಾಗಿತ್ತಲ್ಲ?

ಆಗಿತ್ತು. 2020ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಸಂಶೋಧಕರು, ಆಸ್ಪತ್ರೆಗೆ ಬಂದ ಕೋವಿಡ್ ರೋಗಿಗಳಲ್ಲಿ ಸೇದುವವರ ಪ್ರಮಾಣ ನಿರೀಕ್ಷೆಗಿಂತ ಕಡಿಮೆಯಿದೆ ಎಂದು ಗಮನಿಸಿ, ನಿಕೋಟಿನ್ ಕಾಪಾಡುತ್ತಿರಬಹುದೇ ಎಂಬ ಊಹೆ ಮುಂದಿಟ್ಟರು. ಜನ ನಿಕೋಟಿನ್ ಪ್ಯಾಚ್‌ಗೆ (ಸಿಗರೇಟು ಬಿಡಲು ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿಗೆ) ಮುಗಿಬೀಳಬಾರದೆಂದು ಫ್ರಾನ್ಸ್ ಸರ್ಕಾರ ಅದರ ಮಾರಾಟಕ್ಕೆ ಮಿತಿ ಹಾಕಬೇಕಾಯಿತು.

ಅಂಥ ಅಂಕಿಗಳು ದಾರಿ ತಪ್ಪಿಸುವುದು ಹೇಗೆಂದರೆ, ತುರ್ತು ಚಿಕಿತ್ಸೆಯ ಗಡಿಬಿಡಿಯಲ್ಲಿ ರೋಗಿ ಸೇದುತ್ತಾರೋ ಇಲ್ಲವೋ ಎಂದು ಎಷ್ಟೋ ಕಡೆ ಬರೆದುಕೊಳ್ಳುವುದೇ ಇಲ್ಲ. ಬರೆಯದಿದ್ದವರು ‘ಸೇದದವರು’ ಎಂದು ಲೆಕ್ಕಕ್ಕೆ ಬರುತ್ತಾರೆ. ಜ್ವರ ಬಂದು ಮೂರು ದಿನದ ಹಿಂದಷ್ಟೇ ನಿಲ್ಲಿಸಿದವರು ‘ಬಿಟ್ಟವರ’ ಪಟ್ಟಿಗೆ ಸೇರುತ್ತಾರೆ. ಬ್ರಿಟನ್ನಿನಲ್ಲಿ ಲಕ್ಷಾಂತರ ಜನರ ಆರೋಗ್ಯ ದಾಖಲೆ ಮತ್ತು ವಂಶವಾಹಿ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೇದುವವರು ಆಸ್ಪತ್ರೆ ಸೇರುವುದೂ ಸಾಯುವುದೂ ಹೆಚ್ಚು ಎಂದೇ ಕಂಡಿತು. ಸೇದುವವರಿಗೆ ಸೋಂಕು ಕಡಿಮೆ ಎಂದಿದ್ದ ಒಂದು ಪ್ರಬಂಧವನ್ನು, ಲೇಖಕರಲ್ಲಿ ಕೆಲವರಿಗೆ ತಂಬಾಕು ಉದ್ಯಮದ ನಂಟಿದ್ದುದನ್ನು ಮುಚ್ಚಿಟ್ಟ ಕಾರಣಕ್ಕೆ, ಯುರೋಪಿನ ಶ್ವಾಸಕೋಶ ವೈದ್ಯರ ನಿಯತಕಾಲಿಕೆ ಅದೇ ವರ್ಷ ಹಿಂತೆಗೆದುಕೊಂಡಿತು.

ಈ ನಂಬಿಕೆ ಹೊಸದೇನಲ್ಲ. 1665ರ ಲಂಡನ್ ಪ್ಲೇಗಿನಲ್ಲಿ ಹೊಗೆ ರೋಗವನ್ನು ದೂರವಿಡುತ್ತದೆಂದು ಈಟನ್ ಶಾಲೆಯ ಹುಡುಗರಿಗೂ ಬೆಳಗ್ಗೆ ಸೇದಿಸುತ್ತಿದ್ದರಂತೆ, ಸೇದದವರಿಗೆ ಏಟು ಬೀಳುತ್ತಿತ್ತಂತೆ. ಹೆದರಿದ ಜನರಿಗೆ ಕೈಯಲ್ಲಿರುವ ವಸ್ತುವೇ ಮದ್ದಾಗಿ ಕಾಣುವುದು ಆಗಲೂ ಇತ್ತು.

ಭಯವಾದಾಗ ಸೇದಿದರೆ ಸಮಾಧಾನವಾಗುತ್ತದೆ. ಅದೂ ಸುಳ್ಳೇ?

ಸಮಾಧಾನ ಆಗುವುದು ಸುಳ್ಳಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಹೆಚ್ಚಿನವರು ತಪ್ಪಾಗಿ ತಿಳಿದಿರುತ್ತಾರೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧಕ್ಕಿಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಎದೆಯಲ್ಲಿ ಏನೋ ತಳಮಳ ಶುರುವಾಗುತ್ತದೆ. ಸೇದಿದ ಕೂಡಲೇ ಅದು ಅಡಗುತ್ತದೆ. ಹಿಂದಿನ ಸಿಗರೇಟು ಮಾಡಿಟ್ಟ ಕೊರತೆಯನ್ನು ಮುಂದಿನದು ತುಂಬಿತು, ಅಷ್ಟೇ. ಕಾಯಿಲೆಯ ಭಯ ಇದ್ದಲ್ಲೇ ಇರುತ್ತದೆ, ‘ಸೇದಿ ಇನ್ನಷ್ಟು ಕೆಡಿಸಿಕೊಂಡೆ’ ಎಂಬ ಹೊಸ ಅಳುಕು ಅದಕ್ಕೆ ಸೇರುತ್ತದೆ.

26 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸೇದುವುದನ್ನು ಮುಂದುವರಿಸಿದವರಿಗೆ ಹೋಲಿಸಿದರೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹೀಗೆಯೇ. ಮೊದಲ ಕೆಲವು ವಾರಗಳ ಬಾಧೆಯನ್ನು ದಾಟಬೇಕು, ಅದನ್ನು ಮುಚ್ಚಿಡಬಾರದು.

ಎದೆ ಬಿಗಿ, ಉಸಿರು ಸಾಲದಂತೆ ಅನಿಸುತ್ತದೆ. ಇದು ಸೋಂಕೋ, ಗಾಬರಿಯೋ, ಸಿಗರೇಟು ಬಿಟ್ಟದ್ದರ ಬಾಧೆಯೋ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೂರೂ ಒಂದರಂತೆ ಒಂದು ಕಾಣುತ್ತವೆ. ಬೇರ್ಪಡಿಸಲು ಲಕ್ಷಣಕ್ಕಿಂತ ಅದು ಶುರುವಾದ ರೀತಿ, ಸಾಗುವ ರೀತಿ ನೋಡಿ.

ಗಾಬರಿ ಥಟ್ಟನೆ ಏರುತ್ತದೆ, ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಸುಮ್ಮನೆ ಕೂತಾಗ, ಸುದ್ದಿ ನೋಡುವಾಗ, ಮಲಗುವ ಹೊತ್ತಿಗೆ ಬರುವುದು ಜಾಸ್ತಿ. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ತಲೆ ಹಗುರ, ಮತ್ತೆ ಮತ್ತೆ ನಿಟ್ಟುಸಿರು. ಇವು ಅತಿಯಾಗಿ ಉಸಿರಾಡಿದ್ದರ ಗುರುತುಗಳು. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ಹೀಗಾಗುತ್ತದೆ, ಆಮ್ಲಜನಕ ಸರಿಯಾಗಿಯೇ ಇರುತ್ತದೆ. ಗಾಬರಿಗೊಂಡವರು ಏದುಸಿರು ಎನ್ನುತ್ತಲೇ ಪೂರ್ತಿ ವಾಕ್ಯ ಮಾತಾಡಬಲ್ಲರು.

ಬಿಟ್ಟಾಗಿನ ಬಾಧೆ ಕೊನೆಯ ಸಿಗರೇಟಿನ ಕೆಲವೇ ಗಂಟೆಗಳಲ್ಲಿ ಶುರುವಾಗಿ, ಎರಡು ಮೂರನೇ ದಿನ ಜೋರಾಗಿ, ಎರಡರಿಂದ ನಾಲ್ಕು ವಾರದಲ್ಲಿ ಸೌಮ್ಯವಾಗುತ್ತದೆ. ಸಿಡುಕು, ನಿದ್ದೆಗೇಡು, ಹಸಿವು, ಗಮನ ನಿಲ್ಲದಿರುವುದು, ಮಲಬದ್ಧತೆ, ಬಾಯಿಹುಣ್ಣು, ಎದೆ ಬಿಗಿತ ಇದರಲ್ಲಿ ಬರುತ್ತವೆ. ಜ್ವರ ಬರುವುದಿಲ್ಲ. ಜ್ವರ ಇದ್ದರೆ ಸಿಗರೇಟು ಬಿಟ್ಟದ್ದಕ್ಕೆ ಎನ್ನಬೇಡಿ.

ಸೋಂಕು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಜ್ವರ, ಮೈಕೈ ನೋವು, ಗಂಟಲು ನೋವು, ಒಮ್ಮೆಲೇ ವಾಸನೆ ಹೋಗುವುದು, ಮನಸ್ಸನ್ನು ಬೇರೆಡೆ ಹರಿಸಿದರೂ ಕಡಿಮೆಯಾಗದ ಸುಸ್ತು. ಉಸಿರಿನ ತೊಂದರೆ ಓಡಾಡಿದಾಗ ಹೆಚ್ಚುತ್ತದೆ. ಕೋವಿಡ್‌ನಲ್ಲಿ ಕೆಲವರಿಗೆ ಲಕ್ಷಣ ಕಂಡ ಐದರಿಂದ ಹತ್ತನೇ ದಿನದ ಆಸುಪಾಸಿನಲ್ಲಿ ಉಸಿರಾಟ ಕೆಡುತ್ತಿತ್ತು. ಹಾಗಾಗಿ ಮೊದಲ ಲಕ್ಷಣದ ದಿನಾಂಕ ಬರೆದಿಡಿ.

ಅನುಮಾನವಿದ್ದಾಗ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ತುಟಿ ಸಣ್ಣಗೆ ಮಾಡಿ ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ ಉಸಿರಾಡಿ. ದೊಡ್ಡ ದೊಡ್ಡ ಉಸಿರು ಎಳೆಯಬೇಡಿ, ಗಾಬರಿಯಲ್ಲಿ ತೊಂದರೆ ಕೊಡುವುದೇ ಅದು. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯವೂ ಬೇಡ. ನಿಜವಾಗಿಯೂ ಆಮ್ಲಜನಕ ಕಡಿಮೆಯಿದ್ದರೆ ಅದು ಜೀವಕ್ಕೇ ಅಪಾಯ. ಐದು ನಿಮಿಷಕ್ಕೆ ಗಣನೀಯವಾಗಿ ಹಗುರಾದರೆ ಗಾಬರಿಯ ಪಾಲು ದೊಡ್ಡದಿತ್ತು ಎಂದುಕೊಳ್ಳಬಹುದು.

ಇವುಗಳಲ್ಲಿ ಒಂದಿದ್ದರೂ ಯೋಚಿಸುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೋಗಿ: ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಗೊಂದಲ ಅಥವಾ ಎಬ್ಬಿಸಿದರೂ ಏಳದ ಮಂಪರು, ಎದೆನೋವು ತೋಳಿಗೋ ದವಡೆಗೋ ಹರಿಯುವುದು, ಎದೆ ಒತ್ತಿದಂತಾಗಿ ತಣ್ಣನೆ ಬೆವರುವುದು. ಸೇದುವವರಿಗೆ ಹೃದಯಾಘಾತದ ಅಪಾಯ ಹೆಚ್ಚು, ಎದೆನೋವನ್ನು ಮೊದಲಿಗೇ ‘ಟೆನ್ಷನ್’ ಎಂದು ತಳ್ಳಿಹಾಕುವಂತಿಲ್ಲ.

ಪಲ್ಸ್ ಆಕ್ಸಿಮೀಟರ್ 97 ತೋರಿಸುತ್ತಿದೆ. ನೆಮ್ಮದಿಯಾಗಿರಬಹುದೇ?

ಅದು ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ. ಸೇದುವವರಾದರೆ ಆ 97ನ್ನು ಸ್ವಲ್ಪ ಎಚ್ಚರದಿಂದ ಓದಿ. ಮನೆಯಲ್ಲಿ ಬೆರಳಿಗೆ ಸಿಕ್ಕಿಸುವ ಉಪಕರಣಕ್ಕೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್‌ಗೂ ವ್ಯತ್ಯಾಸ ತಿಳಿಯದು. ಎರಡನ್ನೂ ಆಮ್ಲಜನಕವೆಂದೇ ಎಣಿಸುತ್ತದೆ. ಸೇದದವರಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊತ್ತ ಪಾಲು ಸಾಮಾನ್ಯವಾಗಿ ಶೇ 2ಕ್ಕಿಂತ ಕಡಿಮೆ. ಹೆಚ್ಚು ಸೇದುವವರಲ್ಲಿ ಅದು ಶೇ 5ರಿಂದ 10ರವರೆಗೂ ಇರಬಹುದು. ಅಂದರೆ ತೋರಿಸುವ 97ರಲ್ಲಿ ಐದಾರು ಅಂಕ ಆಮ್ಲಜನಕದ್ದಲ್ಲದೆಯೂ ಇರಬಹುದು. ಈ ಅನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಹಾಗಾಗಿ ಬೆಳಗಿನ ಮೊದಲ ಸಿಗರೇಟಿಗೂ ಮುಂಚೆ ನೋಡಿದ ಅಂಕೆ ಹೆಚ್ಚು ನಂಬಿಕೆಗೆ ಅರ್ಹ.

ಐದು ನಿಮಿಷ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಉಗುರುಬಣ್ಣ ತೆಗೆದು, ತೋರುಬೆರಳು ಅಥವಾ ನಡುಬೆರಳಿಗೆ ಹಾಕಿ. ಕೈ ಅಲುಗಿಸದೆ ಅಂಕೆ ನಿಲ್ಲುವವರೆಗೆ ಅರ್ಧದಿಂದ ಒಂದು ನಿಮಿಷ ಕಾಯಿರಿ. ಕಪ್ಪು ಮೈಬಣ್ಣದವರಲ್ಲಿ ಉಪಕರಣ ನಿಜಕ್ಕಿಂತ ತುಸು ಹೆಚ್ಚು ತೋರಿಸಬಹುದು. 94 ಅಥವಾ ಅದಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತಿಳಿಸಿ, 90 ಮತ್ತು ಕೆಳಗಾದರೆ ಆಸ್ಪತ್ರೆಗೆ. ಮೊದಲಿಂದಲೂ ಶ್ವಾಸಕೋಶದ ಕಾಯಿಲೆ ಇದ್ದವರು ತಮ್ಮ ಎಂದಿನ ಅಂಕೆ ಎಷ್ಟೆಂದು ವೈದ್ಯರನ್ನು ಕೇಳಿ ತಿಳಿದಿರಬೇಕು. ಅಂಕೆ ಚೆನ್ನಾಗಿದ್ದೂ ಉಸಿರಾಟ ಕಷ್ಟವಾಗಿದ್ದರೆ, ಅಂಕೆಯನ್ನಲ್ಲ, ಮನುಷ್ಯನನ್ನು ನಂಬಿ.

ನನಗೆ ಮೊದಲಿಂದಲೂ ಬೆಳಗ್ಗೆ ಕೆಮ್ಮು. ಹೊಸ ಕೆಮ್ಮನ್ನು ಹೇಗೆ ಗುರುತಿಸಲಿ?

ನಿಮ್ಮ ಹಳೆಯ ಕೆಮ್ಮಿನ ಚಹರೆ ನಿಮಗೇ ಚೆನ್ನಾಗಿ ಗೊತ್ತು: ಎದ್ದ ಮೇಲೆ ಎಷ್ಟು ಹೊತ್ತು, ಕಫ ಎಂಥದ್ದು, ಎಷ್ಟು. ಅದು ಬದಲಾದರೆ ಹೊಸದೆಂದೇ ಲೆಕ್ಕ. ಒಣಕೆಮ್ಮಾಗಿ ದಿನವಿಡೀ ಬಂದರೆ, ಕಫದ ಬಣ್ಣ ತಿರುಗಿದರೆ, ಜ್ವರ ಜೊತೆಗೂಡಿದರೆ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಪ್ರತ್ಯೇಕವಾಗಿರಿ. ‘ಇದು ಸಿಗರೇಟಿನ ಕೆಮ್ಮು’ ಎಂದುಕೊಂಡು ಓಡಾಡಿದವರಿಂದ ಮನೆಮಂದಿಗೆ ಸೋಂಕು ಹರಡುತ್ತದೆ. ಕಫದಲ್ಲಿ ರಕ್ತ, ಮೂರು ವಾರ ದಾಟಿದ ದನಿಯ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು ಸಾಂಕ್ರಾಮಿಕಕ್ಕೆ ಸಂಬಂಧಿಸದಿದ್ದರೂ ಸಾಂಕ್ರಾಮಿಕ ಮುಗಿಯಲಿ ಎಂದು ಕಾಯಬಾರದ ಲಕ್ಷಣಗಳು.

ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಗಿದೆಯಲ್ಲ?

ಕೆಲವರಿಗೆ ಆಗುತ್ತದೆ. ಶ್ವಾಸನಾಳದ ರೋಮಗಳು ಮತ್ತೆ ಕೆಲಸಕ್ಕಿಳಿದು ಹಳೆಯ ಕಫವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಕೆಲವು ವಾರಗಳಲ್ಲಿ ತಗ್ಗುತ್ತದೆ.

ಇಪ್ಪತ್ತು, ಮೂವತ್ತು ವರ್ಷ ಸೇದಿದ್ದೇನೆ. ಈಗ ಬಿಟ್ಟರೆ ಈ ಸಾಂಕ್ರಾಮಿಕದೊಳಗೆ ಏನು ಪ್ರಯೋಜನ?

ಒಂದೆರಡು ದಿನದಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಇಳಿಯುತ್ತದೆ, ಆಮ್ಲಜನಕಕ್ಕೆ ಅದರ ಜಾಗ ಸಿಗುತ್ತದೆ. ಎರಡು ವಾರದಿಂದ ಮೂರು ತಿಂಗಳಲ್ಲಿ ರಕ್ತಸಂಚಾರವೂ ಶ್ವಾಸಕೋಶದ ಕೆಲಸವೂ ಸುಧಾರಿಸುತ್ತವೆ. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲೇ ಬಿಟ್ಟವರಲ್ಲಿ ತೊಡಕುಗಳು ಕಡಿಮೆಯಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಂಕ್ರಾಮಿಕಗಳು ತಿಂಗಳು, ವರ್ಷಗಟ್ಟಲೆ ನಡೆಯುತ್ತವೆ. ಕೋವಿಡ್ ತುರ್ತುಸ್ಥಿತಿ 2020ರ ಜನವರಿಯಿಂದ 2023ರ ಮೇವರೆಗೆ ಇತ್ತು. ಇಂದು ಬಿಟ್ಟವರಿಗೆ ಅದರ ಫಲ ಅದೇ ಸಾಂಕ್ರಾಮಿಕದ ಮುಂದಿನ ಅಲೆಯಲ್ಲೇ ಸಿಗುವಷ್ಟು ಸಮಯವಿದೆ.

ಪೂರ್ತಿ ಬಿಡಲಾಗದು. ಕಡಿಮೆ ಮಾಡಿದರೆ ಸಾಲದೇ?

ಇಪ್ಪತ್ತರಿಂದ ಹತ್ತಕ್ಕಿಳಿದವರು ತಮಗರಿವಿಲ್ಲದೆ ಪ್ರತಿ ದಮ್ಮನ್ನೂ ಆಳವಾಗಿ ಎಳೆಯುತ್ತಾರೆ, ಕೊನೆಯವರೆಗೂ ಸೇದುತ್ತಾರೆ. ಎಣಿಕೆ ಅರ್ಧವಾದರೂ ಹಾನಿ ಅರ್ಧವಾಗುವುದಿಲ್ಲ. ನಿಕೋಟಿನ್ ಗಮ್ ಅಥವಾ ಪ್ಯಾಚ್ ಜೊತೆಗಿಟ್ಟುಕೊಂಡು ದಿನಾಂಕ ಗೊತ್ತುಮಾಡಿ ಕಡಿಮೆ ಮಾಡುತ್ತ ಹೋದರೆ ಅದು ಬಿಡುವ ದಾರಿಯಾಗುತ್ತದೆ.

ಗಮ್ ತಿಂದೆ, ಬಿಕ್ಕಳಿಕೆ, ವಾಕರಿಕೆ ಬಂತು. ಪ್ಯಾಚ್ ಹಾಕಿದರೆ ನಿದ್ದೆಯಿಲ್ಲ. ಇವು ನನಗೆ ಒಗ್ಗುವುದಿಲ್ಲವೇ?

ಹೆಚ್ಚಿನ ಸಲ ಬಳಸಿದ ಕ್ರಮ ತಪ್ಪಿರುತ್ತದೆ. ನಿಕೋಟಿನ್ ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಜಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗಿಳಿಯುತ್ತದೆ. ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಅದರಿಂದಲೇ. ನಿಕೋಟಿನ್ ಹೀರಬೇಕಾದದ್ದು ಕೆನ್ನೆಯ ಒಳಚರ್ಮ. ನಿಧಾನವಾಗಿ ಜಗಿಯಿರಿ. ಖಾರವೋ ಚುರುಚುರುವೋ ಅನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಡಿ. ಚುರುಚುರು ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಜಗಿದು, ಇನ್ನೊಂದು ಬದಿಗಿಡಿ. ಹೀಗೆ ಒಂದು ಗಮ್ ಸುಮಾರು ಅರ್ಧ ಗಂಟೆ ಬರಬೇಕು. ಕಾಫಿ, ಹಣ್ಣಿನ ರಸ, ಸೋಡಾದಂಥ ಆಮ್ಲೀಯ ಪಾನೀಯಗಳು ಬಾಯಲ್ಲಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ, ಆದ್ದರಿಂದ 15 ನಿಮಿಷ ಮೊದಲು ಮತ್ತು ಗಮ್ ಬಾಯಲ್ಲಿರುವಷ್ಟು ಹೊತ್ತು ಅವು ಬೇಡ.

ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ ಗಮ್, ತಡವಾಗಿ ಹಚ್ಚುವವರಿಗೆ 2 ಮಿಲಿಗ್ರಾಂ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ತುಡಿತ ತಡೆಯಲಾಗದಷ್ಟು ಬಂದ ಮೇಲೆ ಬಾಯಿಗೆ ಹಾಕಿದರೆ ತಡವಾಯಿತು, ಏಕೆಂದರೆ ಗಮ್ ಸಿಗರೇಟಿನಷ್ಟು ಬೇಗ ಕೆಲಸ ಮಾಡದು. ಜನ ಸೋಲುವುದು ಅತಿಯಾಗಿ ಬಳಸಿ ಅಲ್ಲ, ದಿನಕ್ಕೆ ಎರಡು ಮೂರು ಮಾತ್ರ ಬಳಸಿ, ಎರಡೇ ವಾರಕ್ಕೆ ನಿಲ್ಲಿಸಿ.

ಪ್ಯಾಚ್‌ಗೆ ಬಂದರೆ, ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ ಸಾಮಾನ್ಯ ಕ್ರಮ 21 ಮಿಲಿಗ್ರಾಂ ಆರು ವಾರ, 14 ಎರಡು ವಾರ, 7 ಎರಡು ವಾರ. ಸೊಂಟದಿಂದ ಮೇಲೆ, ಕೂದಲಿಲ್ಲದ, ಒಣಗಿದ, ಎಣ್ಣೆ ಅಥವಾ ಕ್ರೀಮು ಹಚ್ಚದ ಚರ್ಮಕ್ಕೆ ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಅಂಟಿಸಿ, ದಿನಾ ಜಾಗ ಬದಲಿಸಿ. ನಿದ್ದೆ ಕೆಟ್ಟರೆ, ವಿಚಿತ್ರ ಕನಸು ಬಿದ್ದರೆ ಮಲಗುವ ಮುನ್ನ ತೆಗೆಯಿರಿ. ತೆಗೆದದ್ದನ್ನು ಅಂಟಿನ ಬದಿ ಒಳಗಾಗಿ ಮಡಚಿ ಎಸೆಯಿರಿ, ಅದರಲ್ಲಿ ಉಳಿದ ನಿಕೋಟಿನ್ ಮಗುವಿಗೆ ವಿಷ. ಪ್ಯಾಚ್ ಮತ್ತು ಗಮ್ ಎರಡನ್ನೂ ಒಟ್ಟಿಗೆ ಬಳಸಿದವರು ಒಂದನ್ನೇ ಬಳಸಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತಾರೆ. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳಿಯೇ ಶುರುಮಾಡಲಿ. ವೆರೆನಿಕ್ಲಿನ್ ಎಂಬ ಮಾತ್ರೆಯೂ ಪರಿಣಾಮಕಾರಿ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಆರಂಭಿಸಬೇಕು, ವೈದ್ಯರ ಚೀಟಿ ಬೇಕು.

ಬಿಟ್ಟು ವಾರವಾಯಿತು. ಕೈ ನಡುಕ, ಎದೆ ಡವಡವ, ಭಯ ಮೊದಲಿಗಿಂತ ಜಾಸ್ತಿ. ಯಾಕೆ?

ಎಷ್ಟು ಲೋಟ ಕಾಫಿ, ಟೀ ಕುಡಿಯುತ್ತಿದ್ದೀರಿ ಎಣಿಸಿ. ಹೊಗೆಯಲ್ಲಿನ ಟಾರಿನ ರಾಸಾಯನಿಕಗಳು ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಟ್ಟಿರುತ್ತವೆ. ಸೇದುವುದು ನಿಂತು ಕೆಲವೇ ದಿನಗಳಲ್ಲಿ ಆ ಚುರುಕು ಹೋಗುತ್ತದೆ, ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಇಮ್ಮಡಿಯಾಗುತ್ತದೆ. ಆ ನಡುಕವನ್ನು ಜನ ಆತಂಕವೆಂದೋ ರೋಗವೆಂದೋ ತಿಳಿದು, ಸಿಗರೇಟು ಬಿಟ್ಟದ್ದೇ ತಪ್ಪಾಯಿತೆಂದು ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಕಾಫಿ, ಟೀ ಅರ್ಧಕ್ಕಿಳಿಸಿ, ಮಧ್ಯಾಹ್ನದ ನಂತರ ಬೇಡ. ಇಷ್ಟು ಸರಳವಾದ ಮಾತನ್ನು ಯಾರೂ ಹೇಳದೆ ಎಷ್ಟೋ ಪ್ರಯತ್ನಗಳು ಮೊದಲ ವಾರದಲ್ಲೇ ಮುರಿಯುತ್ತವೆ.

ಇದೇ ಕಿಣ್ವ ಕೆಲವು ಔಷಧಗಳನ್ನೂ ಕರಗಿಸುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಓಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ತೆಗೆದುಕೊಳ್ಳುವವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಇಳಿಸಬೇಕಾಗಬಹುದು. ಜ್ವರ ಬಂದು ಸೇದಲಾಗದೆ ತಾನಾಗಿ ನಿಂತಿದ್ದರೂ ಇದೇ ಎಚ್ಚರ ಬೇಕು. ಗಮ್, ಪ್ಯಾಚ್ ಇದಕ್ಕೆ ಪರಿಹಾರವಲ್ಲ, ಏಕೆಂದರೆ ಇಲ್ಲಿ ಕೆಲಸ ಮಾಡುತ್ತಿದ್ದುದು ಹೊಗೆ, ನಿಕೋಟಿನ್ ಅಲ್ಲ.

ದಿನಕ್ಕೆ ಹತ್ತಾರು ಸಲ ಜ್ವರ ನೋಡುತ್ತೇನೆ, ಲಕ್ಷಣಗಳನ್ನು ಹುಡುಕುತ್ತೇನೆ, ಆಮೇಲೆ ಸೇದುತ್ತೇನೆ.

ಈ ಮೂರೂ ಒಂದೇ ಸರಪಳಿ. ಪ್ರತಿ ಸಲ ನೋಡಿದಾಗ ಸಿಗುವ ನೆಮ್ಮದಿ ಕೆಲವೇ ನಿಮಿಷ ಇರುತ್ತದೆ, ಮುಂದಿನ ಅನುಮಾನ ಬೇಗ ಬರುತ್ತದೆ. ಥರ್ಮಾಮೀಟರ್, ಆಕ್ಸಿಮೀಟರ್ ಎರಡಕ್ಕೂ ಬೆಳಗ್ಗೆ ಒಂದು, ಸಂಜೆ ಒಂದು ಹೊತ್ತು ಗೊತ್ತುಮಾಡಿ, ಅಂಕೆ ಬರೆದು ಡಬ್ಬಿಗೆ ಹಾಕಿಡಿ. ಸೋಂಕು ದೃಢಪಟ್ಟವರು ವೈದ್ಯರು ಹೇಳಿದಷ್ಟು ಸಲ ನೋಡಲಿ. ಸುದ್ದಿಗೂ ದಿನಕ್ಕೆ ಒಂದೋ ಎರಡೋ ಹೊತ್ತು ಸಾಕು, ಮಲಗುವ ಮುನ್ನ ಬೇಡವೇ ಬೇಡ. ಸುದ್ದಿ ನೋಡುವ ಜಾಗ, ಸಿಗರೇಟು ಸೇದುವ ಜಾಗ ಒಂದೇ ಆಗಿದ್ದರೆ ಮೊದಲು ಅದನ್ನು ಬದಲಿಸಿ.

ನೋಡಬೇಕೆನಿಸಿದಾಗ, ಸೇದಬೇಕೆನಿಸಿದಾಗ ಹತ್ತು ನಿಮಿಷ ಮುಂದೂಡಿ. ಸೇದುವ ತುಡಿತದ ಒಂದು ಅಲೆ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಇರುತ್ತದೆ. ಆ ಹೊತ್ತಿಗೆ ಕೈಗೂ ಬಾಯಿಗೂ ಕೆಲಸ ಬೇಕು: ತಣ್ಣೀರು ಗುಟುಕಿಸುವುದು, ಎದ್ದು ನಡೆಯುವುದು, ಪಾತ್ರೆ ತೊಳೆಯುವುದು. ವಾರಗಟ್ಟಲೆ ಹೀಗೇ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅದು ಚಿಕಿತ್ಸೆಯಿಂದ ಗುಣವಾಗುವ ಆತಂಕ, ಮನೋವೈದ್ಯರನ್ನು ಕಾಣಿರಿ.

ಎಲ್ಲರೂ ಮನೆಯಲ್ಲೇ ಇದ್ದೇವೆ. ಕಿಟಕಿ ಬಳಿ ಸೇದಿದರೆ ಪರವಾಗಿಲ್ಲವೇ?

ಗಾಳಿ ಒಳಮುಖವಾಗಿ ಬೀಸಿದರೆ ಹೊಗೆ ಒಳಗೇ ಬರುತ್ತದೆ. ಕಿಟಕಿ, ಫ್ಯಾನು ಯಾವುದೂ ಅದನ್ನು ಪೂರ್ತಿ ತೆಗೆಯದು. ಮಕ್ಕಳು, ಉಬ್ಬಸದವರು, ಸೋಂಕಿನಿಂದ ಚೇತರಿಸಿಕೊಳ್ಳುತ್ತಿರುವವರು ಇರುವ ಮನೆಯೊಳಗೆ ಸೇದಲೇಬಾರದು.

ಬೆಂಕಿಯ ಮಾತನ್ನು ಇಲ್ಲಿಯೇ ಸೇರಿಸುತ್ತೇವೆ. ಸ್ಯಾನಿಟೈಸರ್‌ನಲ್ಲಿರುವುದು ಆಲ್ಕೋಹಾಲ್, ಕೈ ಪೂರ್ತಿ ಒಣಗುವ ಮೊದಲು ಕಡ್ಡಿ ಗೀರಿದರೆ ಕೈಗೇ ಬೆಂಕಿ. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಇದ್ದರೆ ಅದರ ಸುತ್ತ ಕನಿಷ್ಠ 3 ಮೀಟರ್ ದೂರದವರೆಗೆ ಯಾವ ಕಿಡಿಯೂ ಬೇಡ. ಆಮ್ಲಜನಕ ಬಟ್ಟೆ, ಹಾಸಿಗೆ, ಕೂದಲಿನಲ್ಲಿ ಉಳಿದಿರುತ್ತದೆ. ಯಂತ್ರ ಆರಿಸಿದ ತಕ್ಷಣ ಸೇದಲು ಹೋಗಿ ಮುಖ ಸುಟ್ಟುಕೊಂಡವರಿದ್ದಾರೆ.

ಸ್ನೇಹಿತರೊಂದಿಗೆ ಹಂಚಿಕೊಂಡು ಸೇದಬಹುದೇ? ಇ-ಸಿಗರೇಟಾದರೆ?

ಒಂದೇ ಸಿಗರೇಟು, ಹುಕ್ಕಾದ ಒಂದೇ ನಳಿಗೆ ಬಾಯಿಂದ ಬಾಯಿಗೆ ಹೋದರೆ ಜೊಲ್ಲೂ ಹೋಗುತ್ತದೆ. ಸೇದುವಾಗ ಮಾಸ್ಕ್ ಇಳಿದಿರುತ್ತದೆ, ಜನ ಹತ್ತಿರ ನಿಂತಿರುತ್ತಾರೆ, ತೊಳೆಯದ ಕೈ ತುಟಿಗೆ ತಾಗುತ್ತದೆ. ಇ-ಸಿಗರೇಟಿಗೂ ಇದೆಲ್ಲ ಅನ್ವಯ, ಅದು ಸೋಂಕಿನಿಂದ ಕಾಪಾಡುವುದಿಲ್ಲ.

ಸೇದುವವರು ಲಸಿಕೆ ಹಾಕಿಸಿಕೊಳ್ಳಬಹುದೇ?

ಹಾಕಿಸಿಕೊಳ್ಳಲೇಬೇಕು. ಫ್ಲೂ ಮತ್ತು ನ್ಯುಮೋಕಾಕಲ್ (ನ್ಯುಮೋನಿಯಾ ತಡೆಯುವ) ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಬಿಟ್ಟಿದ್ದೆ, ನಿನ್ನೆ ಹೆದರಿಕೆಯಲ್ಲಿ ಒಂದು ಸೇದಿಬಿಟ್ಟೆ.

ಪ್ಯಾಚ್ ಹಾಕಿದ್ದರೆ ಹಾಗೇ ಇರಲಿ, ತೆಗೆಯಬೇಡಿ. ಉಳಿದ ಸಿಗರೇಟುಗಳನ್ನು ಈಗಲೇ ನೀರಿಗೆ ಹಾಕಿ ಎಸೆಯಿರಿ. ಯಾವ ಹೊತ್ತಿನಲ್ಲಿ, ಯಾವ ಸುದ್ದಿ ಅಥವಾ ಯಾರ ಫೋನಿನ ನಂತರ ಸೇದಿದಿರಿ ಎಂದು ಬರೆದುಕೊಳ್ಳಿ. ನಾಳೆ ಅದೇ ಹೊತ್ತಿಗೆ ಕಾಲು ಗಂಟೆ ಮುಂಚೆ ಗಮ್ ಬಾಯಿಗೆ ಹಾಕಿಕೊಳ್ಳಿ. ಬಿಟ್ಟ ದಿನಾಂಕವನ್ನು ಬದಲಿಸಬೇಕಿಲ್ಲ.

ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಸೇದುವ ವಿಷಯ ಹೇಳಲೇಬೇಕೇ? ಬೈಯುತ್ತಾರೆಂದು ಭಯ.

ಹೇಳಲೇಬೇಕು. ದಿನಕ್ಕೆ ಎಷ್ಟು, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ಕೊನೆಯದನ್ನು ಸೇದಿದ್ದು ಯಾವಾಗ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು, ನೀವು ತೆಗೆದುಕೊಳ್ಳುವ ಔಷಧಗಳ ಪಟ್ಟಿಯೊಂದಿಗೆ ಮನೆಯವರ ಕೈಗೂ ಕೊಟ್ಟಿಡಿ. ದಾಖಲಾದ ಎರಡನೇ ದಿನ ರೋಗಿ ಚಡಪಡಿಸಿ ಆಮ್ಲಜನಕದ ಮಾಸ್ಕ್ ಕಿತ್ತೆಸೆಯುತ್ತಿದ್ದರೆ ಅದು ಆಮ್ಲಜನಕ ಕಡಿಮೆಯಾಗಿಯೋ, ನಿಕೋಟಿನ್ ಇಲ್ಲದೆಯೋ ಎಂದು ದಾದಿಯರಿಗೆ ತಿಳಿಯಬೇಕಾದರೆ ಈ ಮಾಹಿತಿ ಬೇಕು. ತಿಳಿದಿದ್ದರೆ ಒಂದು ಪ್ಯಾಚ್ ಹಾಕಿ ಆ ಬಾಧೆಯನ್ನಾದರೂ ಕಡಿಮೆ ಮಾಡಬಹುದು. ಬೈದರೂ ಚೀಟಿ ಕೊಡಿ.